ಬಳೆಗಾರ ಮಂಜಿನಲ್ಲಿ ಕೇಳಿದ್ದು

"ಗುರುಗಳೇ, ಏನು ಕೇಳುತ್ತಾರೆಂದು ಮೊದಲೇ ಗೊತ್ತಿರುವ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವುದು ಹೇಗೆ?"

ಕೇಳಿದವನು ಪಂಚಾಕ್ಷರಿ. ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ ಹುಡುಗ. ಕೊನೆಯ ಪರೀಕ್ಷೆ ಮುಗಿಯುವ ಮೊದಲೇ ಪಟ್ಟಣದ ಸಂಸ್ಥೆಯೊಂದು ಅವನನ್ನು ಕೆಲಸದ ಸಂದರ್ಶನಕ್ಕೆ ಕರೆದಿತ್ತು. ಹಿಂದೆ ಹೋಗಿಬಂದವರು ಅವನಿಗೆ ಎಲ್ಲವನ್ನೂ ಹೇಳಿಕೊಟ್ಟಿದ್ದರು. ನಿಮ್ಮ ಬಗ್ಗೆ ಹೇಳಿ ಎನ್ನುತ್ತಾರೆ. ನಮ್ಮಲ್ಲಿಗೇ ಏಕೆ ಬಂದಿರಿ ಎನ್ನುತ್ತಾರೆ. ನಿಮ್ಮಲ್ಲಿರುವ ಕೊರತೆ ಯಾವುದು, ನಿಮ್ಮನ್ನೇ ಏಕೆ ತೆಗೆದುಕೊಳ್ಳಬೇಕು ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ, ನೀವು ಕೇಳುವುದೇನಾದರೂ ಇದೆಯೇ ಎನ್ನುತ್ತಾರೆ. ಒಂದೊಂದಕ್ಕೂ ಪಂಚಾಕ್ಷರಿ ಉತ್ತರ ಕಲಿತಿದ್ದ. ಆದರೆ ಒಬ್ಬನೇ ಕುಳಿತು ಹೇಳಿಕೊಂಡಾಗ, ಪಕ್ಕದ ಕೋಣೆಯಲ್ಲಿ ಬೇರೆ ಯಾರೋ ಮಾತಾಡುತ್ತಿದ್ದಂತೆ ಅವನಿಗೆ ಕೇಳುತ್ತಿತ್ತು.

ಗುರುಗಳು ಜಗಲಿಯ ಮೇಲೆ ಕುಳಿತಿದ್ದರು. ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಎರಡು ಸೀಮೆಗಳ ನಡುವೆ ಒಂದು ಬೆಟ್ಟವಿತ್ತು. ಅದನ್ನು ದಾಟಲು ಒಂದೇ ಕಣಿವೆದಾರಿ. ಆ ದಾರಿಗೆ ಮಂಜು ಬೀಳುತ್ತಿತ್ತು. ಇಂಥ ಹೊತ್ತಿಗೇ ಬೀಳುತ್ತದೆ ಎಂದು ಹೇಳುವಂತಿರಲಿಲ್ಲ. ಬಿಸಿಲು ಇರುವಾಗಲೇ ಬಂದುಬಿಡುತ್ತಿತ್ತು. ಬಂದಾಗ ನಡೆಯುವವನಿಗೆ ತನ್ನ ಪಾದವೂ ಕಾಣುತ್ತಿರಲಿಲ್ಲ. ದಾರಿಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತ.

ಕಣಿವೆಯ ನೆತ್ತಿಯಲ್ಲಿ ಒಂದು ಛತ್ರವಿತ್ತು. ಛತ್ರದ ಮುಂದೆ ಕಂಚಿನ ಗಂಟೆ. ಮಂಜು ಬಿದ್ದ ಕೂಡಲೇ ಗಂಟೆಯ ಹಗ್ಗ ಹಿಡಿಯಬೇಕು, ಮಂಜು ಹರಿಯುವ ತನಕ ಬಿಡಬಾರದು. ಆ ನಾದವನ್ನು ಅನುಸರಿಸಿ ದಾರಿಹೋಕರು ಛತ್ರ ಸೇರುತ್ತಿದ್ದರು. ಛತ್ರವನ್ನು ನೋಡಿಕೊಳ್ಳುತ್ತಿದ್ದವಳು ಮಲ್ಲಾಜಮ್ಮ ಎಂಬ ಹೆಂಗಸು. ಅವಳಿಗೆ ವಯಸ್ಸಾಗಿತ್ತು. ಹಗ್ಗ ಎಳೆಯುವ ತೋಳು ಬೇಗ ಸೋಲುತ್ತಿತ್ತು. ಗಂಟೆ ಬಾರಿಸಲು ಒಬ್ಬರು ಬೇಕಾಗಿದ್ದಾರೆ ಎಂದು ಅವಳು ಬೆಟ್ಟದ ಕೆಳಗಿನ ಪಾಠಶಾಲೆಗೆ ಹೇಳಿಕಳಿಸಿದಳು.

ಓದು ಮುಗಿಸಿದವರಲ್ಲಿ ಬಹಳ ಮಂದಿಗೆ ಆ ಕೆಲಸದ ಮೇಲೆ ಆಸೆಯಾಯಿತು. ಛತ್ರದಲ್ಲಿ ಊಟವಿತ್ತು, ಇರಲು ಕೋಣೆಯಿತ್ತು, ಗೌರವವಿತ್ತು. ಪದುಮಿ ಎಂಬ ವಿದ್ಯಾರ್ಥಿನಿಗೆ ಆಸೆಗಿಂತ ಹೆಚ್ಚಾಗಿ ಅಗತ್ಯವಿತ್ತು. ಅವಳಿಗೆ ತನ್ನವರೆಂದು ಯಾರೂ ಇರಲಿಲ್ಲ. ಚಿಕ್ಕಂದಿನಿಂದ ಪಾಠಶಾಲೆಯೇ ಸಾಕಿತ್ತು. ಓದು ಮುಗಿದವರು ಅಲ್ಲಿ ಉಳಿಯುವಂತಿರಲಿಲ್ಲ. ಹೊಸ ಮಕ್ಕಳು ಬರುವ ಹೊತ್ತಿಗೆ ತನ್ನ ಚಾಪೆಯನ್ನು ಅವಳು ಬಿಟ್ಟುಕೊಡಬೇಕಾಗಿತ್ತು.

ಅವಳು ಚೆನ್ನಾಗಿ ಓದಿದವಳು. ಆದರೆ ಮನಸ್ಸು ಜಾರುತ್ತಿತ್ತು. ಪಾಠ ಕೇಳುತ್ತಾ ಕುಳಿತವಳು ಕಿಟಕಿಯಾಚೆಯ ಮೋಡದ ಜೊತೆ ಹೊರಟುಬಿಡುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟರೆ ಹಾಲು ಉಕ್ಕುತ್ತಿತ್ತು; ಅವಳು ಅದರ ಎದುರಿಗೇ ನಿಂತು, ಆ ಬಿಳುಪು ಏಳುವುದನ್ನು ನೋಡುತ್ತಿರುತ್ತಿದ್ದಳು. ಜೊತೆಯವರು ನಗುತ್ತಿದ್ದರು. ಅವಳಿಗೆ ನಾಚಿಕೆಯಾಗುತ್ತಿತ್ತು. ಇದನ್ನು ಹೊರಗಿನವರ ಮುಂದೆ ಎಂದೂ ಹೇಳಬಾರದು ಎಂದು ನಿಶ್ಚಯಿಸಿಕೊಂಡಿದ್ದಳು.

ಮಲ್ಲಾಜಮ್ಮ ಏನು ಕೇಳುತ್ತಾಳೆಂಬುದು ಪಾಠಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಛತ್ರದ ಕೆಲಸ ಕೇಳಲು ಹಿಂದೆ ಹೋಗಿದ್ದವರು ಪ್ರಶ್ನೆಗಳನ್ನು ಹೊತ್ತು ತಂದಿದ್ದರು. ಅವಕ್ಕೆ ಉತ್ತರಗಳೂ ಹುಟ್ಟಿಕೊಂಡಿದ್ದವು. ಹಳಬರ ಬಾಯಿಂದ ಹೊಸಬರ ಬಾಯಿಗೆ ಬಂದು ಬಂದು ಅವು ಹೊಳೆಗಲ್ಲಿನಂತೆ ನುಣುಪಾಗಿದ್ದವು. ಪದುಮಿಯೂ ಅವನ್ನೇ ಕಲಿತಳು.

ಹೇಳಿದ ದಿನ ಬೆಳಿಗ್ಗೆ ಎಲ್ಲರೂ ಬೆಟ್ಟ ಹತ್ತಿದರು. ಆಕಾಶ ತಿಳಿಯಾಗಿತ್ತು. ಉಳಿದವರು ಉತ್ತರಗಳನ್ನು ಗುನುಗುತ್ತಾ ಹತ್ತಿದರೆ ಪದುಮಿ ದಾರಿ ನೋಡುತ್ತಾ ಹತ್ತಿದಳು. ಬಂಡೆಯಿಂದ ನೀರು ಜಿನುಗುವ ಒಂದು ಜಾಗ. ಅದರಾಚೆ ದಾರಿ ಎಡಕ್ಕೆ ಹೊರಳುವಲ್ಲಿ ಕಾಲಿಗೆ ಮೆತ್ತಗಾಗುವ ಹಾವಸೆ. ಇನ್ನೂ ಮೇಲೆ ಗಾಳಿ ಸಿಳ್ಳು ಹಾಕುವ ಒಂದು ಬಿರುಕು. ಇವುಗಳನ್ನು ನೋಡುತ್ತಾ ಅವಳು ಎಲ್ಲರಿಗಿಂತ ಹಿಂದೆ ಬಿದ್ದಳು.

ಛತ್ರದಲ್ಲಿ ಮಲ್ಲಾಜಮ್ಮ ಒಬ್ಬೊಬ್ಬರನ್ನಾಗಿ ಒಳಗೆ ಕರೆದಳು. ಕೊನೆಗೆ ಬಂದರೂ, ದಣಿದಂತೆ ಕಂಡದ್ದರಿಂದಲೋ ಏನೋ, ಪದುಮಿಯನ್ನೇ ಮೊದಲು ಕರೆದಳು.

"ನೀನು ಯಾರು ಹೇಳು" ಎಂದಳು.

"ನಾನು ಶ್ರದ್ಧೆಯುಳ್ಳವಳು, ಶಿಸ್ತುಳ್ಳವಳು, ಎಲ್ಲರೊಡನೆ ಹೊಂದಿಕೊಂಡು ಹೋಗುವವಳು."

"ಇಲ್ಲಿಗೆ ಏಕೆ ಬಂದೆ?"

"ಸೇವೆ ನನ್ನ ಬಾಳಿನ ಗುರಿ. ಅದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ."

"ನಿನ್ನಲ್ಲಿ ಕೊರತೆ ಏನಿದೆ?"

"ಕೆಲಸ ಹಿಡಿದರೆ ನನಗೆ ಊಟ ನಿದ್ದೆಯ ಪರಿವೆ ಇರುವುದಿಲ್ಲ. ಅದೇ ನನ್ನ ಕೊರತೆ."

ಮಲ್ಲಾಜಮ್ಮ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಏನನ್ನೋ ಹುಡುಕಿ ಸಿಗದವರ ನೋಟ ಅದು. ಮುಂದಿನ ಪ್ರಶ್ನೆಗಳನ್ನು ಅವಳು ಕೇಳಲೇ ಇಲ್ಲ.

"ಸರಿ, ಹೋಗಿ ಬಾ ತಾಯಿ" ಎಂದಳು.

ಕೆಲಸ ಸಿಗಲಿಲ್ಲವೆಂದು ಪದುಮಿಗೆ ತಿಳಿಯಿತು. ಹೊರಗೆ ಕಾದು ಕುಳಿತವರ ಮುಖ ನೋಡಲಾಗದೆ ಅವಳು ಒಬ್ಬಳೇ ಬೆಟ್ಟ ಇಳಿಯತೊಡಗಿದಳು. ಎಲ್ಲಿ ತಪ್ಪಿತು ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಒಂದಕ್ಷರವೂ ಮರೆತಿರಲಿಲ್ಲ. ದಾರಿಯುದ್ದಕ್ಕೂ ಕಣ್ಣು ತುಂಬಿ ಬರುತ್ತಿತ್ತು. ಹಾಗಾಗಿ ಮಂಜು ಬಂದದ್ದು ಅವಳಿಗೆ ಮೊದಲು ಗೊತ್ತಾಗಲಿಲ್ಲ. ಕಣ್ಣೀರೇ ದಾರಿಯನ್ನು ಮಸುಕಾಗಿಸಿದೆ ಎಂದುಕೊಂಡಳು. ಕಣ್ಣೊರೆಸಿಕೊಂಡು ನೋಡಿದರೆ ಬೆಟ್ಟವಿರಲಿಲ್ಲ, ಆಕಾಶವಿರಲಿಲ್ಲ. ತನ್ನ ಕೈ ಮುಂದೆ ಚಾಚಿದಳು. ಬೆರಳು ಕರಗಿದಂತೆ ಕಂಡಿತು.

ಅಷ್ಟರಲ್ಲಿ ಮೇಲಿನಿಂದ ಗಂಟೆ ಕೇಳಿಸಿತು. ನಿಧಾನವಾಗಿ, ಬಿಡುವು ಕೊಟ್ಟು ಕೊಟ್ಟು. ಮಂಜಿನೊಳಗೆ ಆ ನಾದ ದೂರದಲ್ಲಿದೆಯೋ ಹತ್ತಿರದಲ್ಲಿದೆಯೋ ಹೇಳಲಾಗುತ್ತಿರಲಿಲ್ಲ. ಅದರ ನಡುನಡುವೆ ಇನ್ನೊಂದು ಸದ್ದಿತ್ತು. ಸಣ್ಣದು, ಗಾಜಿನದು. ಯಾರೋ ಹೆಂಗಸರು ಕಾಣದ ಲೋಕದಲ್ಲಿ ನಡೆದಾಡುತ್ತಿದ್ದಂತೆ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಸದ್ದು ಪ್ರಪಾತದ ಕಡೆಯಿಂದ ಬರುತ್ತಿತ್ತು.

ಪದುಮಿ ಬಂಡೆಯನ್ನು ಬಿಟ್ಟು, ನೆಲವನ್ನು ಕಾಲಿನಿಂದ ತಡವುತ್ತಾ ಆ ಕಡೆ ಹೋದಳು.

"ಯಾರದು?" ಎಂದು ಒಂದು ಗಂಡಸಿನ ಧ್ವನಿ ಕೇಳಿತು.

ನಾನು ಶ್ರದ್ಧೆಯುಳ್ಳವಳು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಲ್ಲಿ ಅದರಿಂದ ಯಾರಿಗೂ ಏನೂ ಆಗುವಂತಿರಲಿಲ್ಲ.

"ನಾನು ಪದುಮಿ. ಕೆಳಗಿನ ಪಾಠಶಾಲೆಯಲ್ಲಿ ಓದಿದವಳು. ಛತ್ರದಿಂದ ಇಳಿದು ಬರುತ್ತಿದ್ದೆ. ನೀವು ಯಾರಣ್ಣ?"

"ಬಳೆಗಾರ. ಹೆಗಲ ಮೇಲೆ ಬಳೆಯ ಮಲಾರವಿದೆ, ತಾಯಿ. ಗಂಟೆ ಕೇಳುತ್ತದೆ, ಯಾವ ಕಡೆಯಿಂದ ಎಂದು ತಿಳಿಯುತ್ತಿಲ್ಲ. ನೀನು ಇತ್ತ ಏಕೆ ಬಂದೆ?"

"ಬಳೆಯ ಸದ್ದು ಅಂಚಿನ ಕಡೆ ಹೋಗುತ್ತಿದೆ ಅನ್ನಿಸಿತು. ಅಲ್ಲೇ ನಿಲ್ಲಿ. ಹೆಜ್ಜೆ ಇಡಬೇಡಿ."

ಬಳೆಗಾರನ ಉಸಿರು ಕೇಳಿಸಿತು. ಅವನು ಕದಲದೆ ನಿಂತ.

"ನಿನಗೆ ದಾರಿ ಗೊತ್ತೆ?"

"ಇವತ್ತು ಬೆಳಿಗ್ಗೆ ಮೊದಲ ಸಲ ಹತ್ತಿದೆ. ನೀರು ಜಿನುಗುವ ಬಂಡೆ ಇಲ್ಲೇ ಮೇಲಿದೆ. ಅಲ್ಲಿಂದ ಛತ್ರದವರೆಗೆ ನೆನಪಿದೆ. ಕೆಳಗಿನ ದಾರಿಯನ್ನು ಈ ಮಂಜಿನಲ್ಲಿ ನಾನೂ ಅರಿಯೆ."

"ಹಾಗಾದರೆ ನಿನ್ನನ್ನು ನಂಬಿಕೊಂಡು ಹೇಗೆ ಬರಲಿ?"

ಪದುಮಿಗೆ ತನ್ನ ಕೊರತೆ ನೆನಪಾಯಿತು. ಯಾರಿಗೂ ಹೇಳಬಾರದೆಂದುಕೊಂಡಿದ್ದ ಮಾತು ಅದು. ಆದರೆ ಈ ಮನುಷ್ಯ ಅವಳ ಹಿಂದೆ ಹೆಜ್ಜೆ ಇಡುವವನಿದ್ದ.

"ಕಣ್ಣು ಮುಚ್ಚಿ ನಂಬಬೇಡಿ, ಅಣ್ಣ. ನನಗೆ ನಡೆಯುತ್ತಾ ನಡೆಯುತ್ತಾ ಮನಸ್ಸು ಜಾರಿಹೋಗುತ್ತದೆ. ನನ್ನ ಸೆರಗಿನ ತುದಿ ಹಿಡಿದುಕೊಳ್ಳಿ. ಏನಾದರೂ ಕೇಳುತ್ತಾ ಬನ್ನಿ. ನಾನು ಉತ್ತರ ಕೊಡದಿದ್ದರೆ ಅಲ್ಲೇ ನಿಂತುಬಿಡಿ."

ಬಳೆಗಾರನ ಕೈ ತಡಕಾಡಿ ಸೆರಗನ್ನು ಹಿಡಿಯಿತು.

"ನಡಿ ತಾಯಿ" ಎಂದ.

ಇಬ್ಬರೂ ಮೇಲಕ್ಕೆ ಹೊರಟರು. ಬಳೆಗಾರ ಕೇಳುತ್ತಾ ಬಂದ. ನಿನಗೆ ಹಸಿರು ಬಳೆ ಇಷ್ಟವೋ ಕೆಂಪೋ ಎಂದ. ಹಸಿರು ಎಂದಳು. ಪಾಠಶಾಲೆಯಲ್ಲಿ ಏನು ಅಡುಗೆ ಮಾಡುತ್ತಿದ್ದರು ಎಂದ. ಹೇಳಿದಳು. ನೀರು ಜಿನುಗುವ ಬಂಡೆ ಕೈಗೆ ಸಿಕ್ಕಿತು. ತಣ್ಣಗಿತ್ತು. ಅದರಾಚೆ ಹಾವಸೆ ಕಾಲಿಗೆ ಮೆತ್ತಗಾಯಿತು. ಗಂಟೆಯ ನಾದ ಅಲೆಯಲೆಯಾಗಿ ಬರುತ್ತಿತ್ತು. ಬಳೆಗಳು ಅದಕ್ಕೆ ಉತ್ತರ ಕೊಡುತ್ತಿದ್ದವು. ಸುತ್ತಲೂ ಬಿಳುಪು. ತಾನು ನಡೆಯುತ್ತಿರುವುದು ನೆಲದ ಮೇಲಲ್ಲ, ಮೋಡದ ಮೇಲೆ ಎಂದು ಪದುಮಿಗೆ ಅನ್ನಿಸಿತು. ಚಿಕ್ಕಂದಿನಲ್ಲಿ ಕಿಟಕಿಯಿಂದ ಕಂಡ ಮೋಡಗಳೆಲ್ಲ ಈಗ ಅವಳನ್ನು ಕರೆದುಕೊಂಡು ಹೋಗಲು ಬಂದಂತಿತ್ತು. ಕಾಲು ಹಗುರಾಯಿತು. ಮೈಯೂ ಹಗುರಾಯಿತು.

ಬಳೆಗಳು ನಿಂತವು.

ಆ ಮೌನ ಅವಳನ್ನು ಎಚ್ಚರಿಸಿತು. ಸೆರಗು ಬಿಗಿಯಾಗಿ ಹಿಂದಕ್ಕೆ ಎಳೆಯುತ್ತಿತ್ತು. ಮುಂದಿಟ್ಟ ಪಾದದ ಕೆಳಗಿನಿಂದ ಒಂದು ಕಲ್ಲು ಜಾರಿ ಬಿತ್ತು. ಅದು ತಳ ಮುಟ್ಟಿದ ಸದ್ದು ಎಷ್ಟು ಕಾದರೂ ಕೇಳಲಿಲ್ಲ.

"ಕರೆದೆ, ನೀನು ಓಗೊಡಲಿಲ್ಲ" ಎಂದ ಬಳೆಗಾರ. "ಅದಕ್ಕೇ ನಿಂತೆ."

ಪದುಮಿ ಪಾದ ಹಿಂದೆಗೆದುಕೊಂಡು ಬಂಡೆಗೆ ಒರಗಿ ನಿಂತಳು. ಹೇಳದೇ ಇದ್ದಿದ್ದರೆ ಎಂಬ ಯೋಚನೆ ಬಂತು. ಅದನ್ನು ಪೂರ್ತಿ ಮಾಡಲು ಅವಳಿಗೆ ಧೈರ್ಯವಾಗಲಿಲ್ಲ. ಗಾಳಿ ಸಿಳ್ಳು ಹಾಕುತ್ತಿದ್ದ ಬಿರುಕು ಎಲ್ಲಿದೆ ಎಂದು ಕಿವಿಗೊಟ್ಟು ಹುಡುಕಿದಳು. ಸಿಕ್ಕಿತು. ಅಲ್ಲಿಂದ ಮುಂದೆ ಬಳೆಗಾರನು ಕೇಳುವುದಕ್ಕೆ ಮೊದಲೇ ಅವಳು ಮಾತಾಡುತ್ತಾ ನಡೆದಳು.

ಛತ್ರದ ಬಾಗಿಲು ಮಂಜಿನಿಂದ ತೇಲಿ ಬಂದಂತೆ ಕಾಣಿಸಿಕೊಂಡಿತು. ಒಳಗೆ ಸರದಿಗೆ ಕಾಯುತ್ತಿದ್ದ ಜೊತೆಯವರು ಬಳೆಗಾರನನ್ನು ಕೂರಿಸಿ ಗಂಜಿ ಕೊಟ್ಟರು. ಅವನು ಮಲಾರವನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದವನು ಹಾಗೆಯೇ ನಿದ್ದೆ ಹೋದ. ಪದುಮಿ ಒಳಗೆ ಹೋಗಲಿಲ್ಲ. ಮಲ್ಲಾಜಮ್ಮನೊಬ್ಬಳೇ ಗಂಟೆ ಬಾರಿಸುತ್ತಿದ್ದಳು. ಅವಳ ತೋಳು ಸೋತಿತ್ತು. ಪ್ರತಿ ಎಳೆತಕ್ಕೂ ಮೈ ಬಾಗುತ್ತಿತ್ತು. ಪದುಮಿ ಹೋಗಿ ಹಗ್ಗದ ಕೆಳತುದಿ ಹಿಡಿದಳು. ಮುದುಕಿ ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಎಳೆದರು. ನಾದ ಹೋಗಿ ಮಂಜಿನಲ್ಲಿ ಮುಳುಗಿತು.

"ಹೋದವಳು ಮತ್ತೆ ಏಕೆ ಬಂದೆ?" ಎಂದಳು ಮಲ್ಲಾಜಮ್ಮ.

"ಗಂಟೆ ಕೇಳಿತು, ಬಂದೆ. ಬೆಳಿಗ್ಗೆ ಬಂದಾಗ ನನಗೆ ಇರಲು ಒಂದು ಜಾಗ ಬೇಕಾಗಿತ್ತು. ಈಗಲೂ ಬೇಕು, ಅಮ್ಮ. ಆದರೆ ಈ ಗಂಟೆ ಯಾರಿಗೆ ಬೇಕು ಎಂಬುದು ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ."

ಮತ್ತೊಮ್ಮೆ ಎಳೆದರು.

"ನಿನ್ನ ಕೊರತೆ ಏನು ಅಂದಿದ್ದೆ?"

"ಬೆಳಿಗ್ಗೆ ಹೇಳಿದ್ದು ನನ್ನದಲ್ಲ. ನನಗೆ ಮನಸ್ಸು ಜಾರುತ್ತದೆ. ಈಗ ಬರುವಾಗಲೂ ಜಾರಿತು. ಹಿಂದೆ ಬರುತ್ತಿದ್ದವರು ಹಿಡಿದು ನಿಲ್ಲಿಸಿದ್ದರಿಂದ ಉಳಿದೆ."

ಮಲ್ಲಾಜಮ್ಮನ ಕೈ ಹಗ್ಗದ ಮೇಲೆ ನಿಂತಿತು. ಪದುಮಿ ಒಬ್ಬಳೇ ಎಳೆದಳು.

"ನಿನಗಿಂತ ಮೊದಲು ಇಲ್ಲಿ ಇದ್ದವನು, ನನಗೆ ಯಾವ ಕೊರತೆಯೂ ಇಲ್ಲ ಅಂದಿದ್ದ" ಎಂದಳು ಮುದುಕಿ. "ಒಳ್ಳೆಯ ಹುಡುಗ. ಅವನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಕೆಲಸ ಕೊಡುವುದಿಲ್ಲ ಎಂದು ಹೆದರಿ ಹೇಳಲಿಲ್ಲ. ಒಂದು ದಿನ ಮಂಜಿನಲ್ಲಿ ಯಾರೋ ಅಂಚಿನಿಂದ ಕೂಗಿದರು. ಅವನಿಗೆ ಕೇಳಲೇ ಇಲ್ಲ. ಹೇಳಿದ್ದರೆ ನಾನು ಅವನ ಆ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದೆ, ಅಷ್ಟೆ. ಅಂದಿನಿಂದ ಬಂದವರನ್ನೆಲ್ಲ ಕೇಳುತ್ತೇನೆ. ಎಲ್ಲರೂ ಊಟ ನಿದ್ದೆ ಬಿಡುತ್ತೇವೆ ಅನ್ನುತ್ತಾರೆ."

ಪದುಮಿಗೆ ಆ ನೋಟ ನೆನಪಾಯಿತು, ಬೆಳಿಗ್ಗೆ ತನ್ನ ಮುಖದಲ್ಲಿ ಏನನ್ನೋ ಹುಡುಕಿ, ಸಿಗದೆ ಹಿಂದಿರುಗಿದ ನೋಟ.

"ಮನಸ್ಸು ಜಾರುವವಳ ಕೈಗೆ ಈ ಹಗ್ಗವನ್ನು ಹೇಗೆ ಕೊಡಲಿ? ನಿನ್ನನ್ನೇ ಏಕೆ ಇಟ್ಟುಕೊಳ್ಳಲಿ, ಹೇಳು" ಎಂದಳು ಮಲ್ಲಾಜಮ್ಮ.

"ಮಾತಾಡುತ್ತಿರುವ ತನಕ ನನ್ನ ಮನಸ್ಸು ಎಲ್ಲಿಗೂ ಹೋಗುವುದಿಲ್ಲ. ಅದನ್ನು ಇವತ್ತು ಕಂಡುಕೊಂಡೆ. ಎಳೆದಾಗಲೆಲ್ಲ ಬನ್ನಿ ಎಂದು ಕೂಗುತ್ತೇನೆ. ನನ್ನ ಕೂಗು ನಿಂತರೆ ಒಳಗಿದ್ದವರು ಬಂದು ನೋಡಲಿ. ಬೇರೆ ಏನಿದೆಯೋ ಇಲ್ಲವೋ, ಅಂಚಿನಲ್ಲಿ ನಿಲ್ಲುವುದು ಹೇಗಿರುತ್ತದೆ ಎಂಬುದು ನನಗೆ ಗೊತ್ತು."

ಮಲ್ಲಾಜಮ್ಮ ಮತ್ತೆ ಎಳೆತಕ್ಕೆ ಕೈ ಸೇರಿಸಿದಳು. ಇಬ್ಬರೂ ಎಳೆಯುತ್ತಲೇ ಇದ್ದರು. ಮಂಜು ಅವರ ಕೂದಲ ಮೇಲೆ ಹನಿಯಾಗಿ ಕುಳಿತಿತ್ತು.

"ನನ್ನನ್ನು ಕೇಳುವುದೇನಾದರೂ ಇದೆಯೇ?" ಎಂದಳು ಮುದುಕಿ ಕೊನೆಗೆ.

ಈ ಪ್ರಶ್ನೆಗೂ ಪದುಮಿ ಒಂದು ಮಾತು ಕಲಿತಿದ್ದಳು. ಅದು ಈಗ ನೆನಪಿಗೇ ಬರಲಿಲ್ಲ.

"ದಾರಿಯಲ್ಲಿ ಯಾರಾದರೂ ಇದ್ದಾರೆ ಎಂದು ನಿಮಗೆ ಹೇಗೆ ತಿಳಿಯುತ್ತದೆ, ಅಮ್ಮ?"

"ತಿಳಿಯುವುದಿಲ್ಲ" ಎಂದಳು ಮಲ್ಲಾಜಮ್ಮ. "ಇವತ್ತೂ ತಿಳಿದಿರಲಿಲ್ಲ, ನೀವಿಬ್ಬರು ಬಂದು ನಿಲ್ಲುವ ತನಕ."

ಅಷ್ಟು ಹೇಳಿ ಅವಳು ಹಗ್ಗವನ್ನು ಬಿಟ್ಟು ಕಲ್ಲಿನ ಮೇಲೆ ಕುಳಿತಳು. ಪದುಮಿ ಬನ್ನಿ ಎಂದು ಕೂಗಿ ಎಳೆದಳು. ಮೊದಲು ಅವಳ ಧ್ವನಿ ನಾಚಿಕೆಯಿಂದ ಸಣ್ಣಗಿತ್ತು. ಮತ್ತೆ ಕೂಗಿದಳು. ಮತ್ತೆ ಎಳೆದಳು. ಮಂಜು ಹರಿದು, ಎದುರಿನ ಬೆಟ್ಟದ ಮೇಲೆ ಬಿಸಿಲು ಬಿದ್ದ ಹೊತ್ತಿಗೆ ಅವಳ ಗಂಟಲು ಕಟ್ಟಿಹೋಗಿತ್ತು. ಮುದುಕಿ ಬಿಸಿನೀರು ತಂದುಕೊಟ್ಟು, ಹಿತ್ತಲ ಕಡೆಯ ಕೋಣೆಯನ್ನು ತೋರಿಸಿದಳು.

ಪದುಮಿ ಅಲ್ಲಿಯೇ ಉಳಿದಳು. ಅವಳ ಮನಸ್ಸು ಜಾರುವುದು ನಿಲ್ಲಲಿಲ್ಲ. ಹಾಲು ಉಕ್ಕುತ್ತಲೇ ಇತ್ತು. ಕೂಗು ನಿಂತಾಗಲೆಲ್ಲ ಮಲ್ಲಾಜಮ್ಮ ಒಳಗಿನಿಂದ ಹೆಸರು ಹಿಡಿದು ಕರೆಯುತ್ತಿದ್ದಳು, ಅವಳು ಓಗೊಡುತ್ತಿದ್ದಳು. ಎರಡೂ ಸೀಮೆಯ ದಾರಿಹೋಕರು ಮಾತಾಡಿಕೊಳ್ಳುತ್ತಿದ್ದರು: ಮಂಜಿನಲ್ಲಿ ಗಂಟೆ ಎಲ್ಲ ಕಡೆಯಿಂದಲೂ ಕೇಳುತ್ತದೆ, ಆ ಹೆಣ್ಣುಮಗಳ ದನಿ ಮಾತ್ರ ಒಂದೇ ಕಡೆಯಿಂದ ಕೇಳುತ್ತದೆ ಎಂದು.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ ಕಣ್ಣರಳಿಸಿ ಕೇಳುತ್ತಿದ್ದ. ಎಲ್ಲೋ ಹೋಗಿ ಬಂದವನಂತೆ ಒಮ್ಮೆ ಸುತ್ತ ನೋಡಿದ. ಅವನ ಮುಖ ಗೆಲುವಾಗಿತ್ತು.

"ತಿಳಿಯಿತು ಗುರುಗಳೇ" ಎಂದ. "ಕೊರತೆ ಏನು ಎಂದು ಕೇಳಿದರೆ, ನನಗೆ ಮನಸ್ಸು ಜಾರುತ್ತದೆ ಎಂದು ಹೇಳುತ್ತೇನೆ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ಅದು ಪದುಮಿಯ ಮನಸ್ಸು, ಮಗು, ನಿನ್ನದು ಏನು ಮಾಡುತ್ತದೆ?"